ಮೂರು ಸೆಕೆಂಡಿನ ನೆಲ

ಶೆಟಗೇರಿಯ ನಂದಿನಿಗೆ ಗೇಟು ತೆಗೆಯುವ ಅಭ್ಯಾಸವೇ ಇಲ್ಲ. ಬೇಲಿ, ಕಾಲುವೆ, ದಾರಿಗಡ್ಡ ಮಲಗಿದ ಎಮ್ಮೆ, ಎಲ್ಲವನ್ನೂ ಹಾರಿಯೇ ಆಕೆ ದೊಡ್ಡವಳಾದದ್ದು. ಆಕೆ ಹತ್ತಬೇಕಾದರೆ ಬಸ್ಸು ನಿಲ್ಲಬೇಕಾಗಿಲ್ಲ ಎನ್ನುತ್ತಾರೆ ಅಂಕೋಲಾ ಪೇಟೆಯವರು. ಈಗ ಸ್ಟೀಪಲ್‌ಚೇಸ್‌ನಲ್ಲಿ, ಅಂದರೆ ಇಪ್ಪತ್ತೆಂಟು ತಡೆಗಳನ್ನೂ ಏಳು ಸಲ ನೀರಿನ ಹೊಂಡವನ್ನೂ ದಾಟುವ ಮೂರು ಸಾವಿರ ಮೀಟರ್ ಓಟದಲ್ಲಿ, ಆಕೆ ವಿಶ್ವದಾಖಲೆಗಿಂತ ಮೂರೇ ಸೆಕೆಂಡು ಹಿಂದಿದ್ದಾಳೆ. "ದಾಖಲೆ ಮುರೀತ್ಯನೆ?" ಎಂದು ಮೀನು ಮಾರುವವರೂ ಕೇಳುತ್ತಾರೆ, "ನೋಡ್ವಾ" ಎನ್ನುವಷ್ಟರಲ್ಲಿ ಆಕೆ ಮುಂದಿನ ತಿರುವಿನಲ್ಲಿರುತ್ತಾಳೆ. ಓಟ ಕಲಿಸಿದ ಭಾಸ್ಕರ ಮಾಸ್ತರರಿಗೂ ಮೂರು ಸೆಕೆಂಡೆಂದರೆ ಒಂದು ಉಸಿರಿನಷ್ಟೇ ಅನ್ನಿಸುತ್ತಿತ್ತು. ಮೊನ್ನೆ ಬೆಳಿಗ್ಗೆ ಕಾರವಾರದ ಕಡಲದಂಡೆಯಲ್ಲಿ ಅವರು ಅದನ್ನು ನೆಲದ ಮೇಲೆ ಅಳೆದರು. ಆಕೆಯ ಓಟದ ವೇಗಕ್ಕೆ ಹದಿನೇಳು ಮೀಟರ್ ಬಂತು. ಎರಡು ತುದಿಗೂ ಮರಳಲ್ಲಿ ಗೆರೆ ಎಳೆದು, "ದಾಖಲೆಯವಳು ಆ ಗೆರೆ ಮುಟ್ಟುವಾಗ ನೀನು ಇಲ್ಲಿರ್ತೆ," ಎಂದರು. ನಂದಿನಿ ಬಹಳ ಹೊತ್ತು ನೋಡಿದಳು. "ದಾಖಲೆಯ ಹೊತ್ತಲ್ಲಿ ಆ ಗೆರೆಯಾಚೆಗೆ ಇಷ್ಟರವರೆಗೆ ಯಾವ ಹೆಂಗಸೂ ಮುಟ್ಲಿಲ್ಲ, ಅಲ್ದಾ ಮಾಸ್ತರ್ರೆ?" ಅವರು ತಲೆಯಾಡಿಸಿದರು. ಆಕೆ ಬೂಟು ಕಳಚಿ ಬದಿಗಿಟ್ಟು, ಬರಿಗಾಲಲ್ಲಿ ಒಂದೊಂದೇ ಹೆಜ್ಜೆ ನಡೆದು, ಆಚೆಯ ಗೆರೆ ದಾಟಿ ನಿಂತಳು. ಮಾಸ್ತರರ ಮೈ ನವಿರೆದ್ದಿತು.