ತಿರುವಿನಲ್ಲಿ ಕೈ ಚಾಚಿ ನಿಂತವರು

ಇದನ್ನು ಹೇಳುವುದನ್ನು ನಾನು ಮೂರು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಬರೆಯಲು ಕುಳಿತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಬೈಕಿನ ಚೈನಿಗೆ ಎಣ್ಣೆ ಬಿಡುವುದು, ಊರಿಗೆ ಫೋನು ಮಾಡುವುದು... ನನಗೀಗ ಅರವತ್ತಮೂರು. ಓದಿದ್ದು ಹತ್ತನೆಯ ತರಗತಿ. ಕತೆ ಕಟ್ಟಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ಸೀಟನ್ನು ನಾನು ನನ್ನ ಅಂಗೈಯಿಂದ ಮುಟ್ಟಿದ್ದೇನೆ.

ಕತಾರಿಗೆ ಬಂದು ಮೂವತ್ತು ವರ್ಷ ಕಳೆಯಿತು. ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದೇನೆ. ವಾಸ ಅಲ್ ಗರಾಫಾದ ಒಂದು ಕೋಣೆಯಲ್ಲಿ. ಶುಕ್ರವಾರ ಬೆಳಿಗ್ಗೆ ಸಣ್ಣ ಬೈಕುಗಳಲ್ಲಿ ಸುತ್ತಲು ಹೋಗುವ ಒಂದು ಗುಂಪನ್ನು ಕಟ್ಟಿದವನು ನಾನೇ. ಊಟ ತಲುಪಿಸುವ ಹುಡುಗರು ಓಡಿಸಿ ಬಿಟ್ಟ ನೂರಿಪ್ಪತ್ತೈದು ಸಿಸಿಯ ಹಳೆಯ ಬೈಕುಗಳನ್ನು ತಂದು ನಾನೇ ರಿಪೇರಿ ಮಾಡಿಕೊಟ್ಟಿದ್ದೆ. ಟೈರ್ ಅಂಗಡಿಯ ಶರೀಫ್, ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಬಸವರಾಜ, ನಾನು. ಅಲ್ ಸದ್ದ್‌ನಲ್ಲಿ ಕರಕ್ ಚಹಾ ಕುಡಿದು ಹೊರಟರೆ ಮುಂದಿನ ಬೈಕು ಯಾವಾಗಲೂ ನನ್ನದು.

ಆಮೇಲೆ ಮಾಷ್ಟ್ರು ಬಂದರು.

ಅವರು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವರು. ಅದಕ್ಕೇ ಎಲ್ಲರ ಬಾಯಲ್ಲಿ ಮಾಷ್ಟ್ರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಉಡುಪಿ ಕಡೆಯವರು. ಕುತ್ತಿಗೆಗೆ ಯಾವಾಗಲೂ ನೀಲಿ ಚೌಕುಳಿ ಟವೆಲನ್ನು ಒದ್ದೆ ಮಾಡಿ ಕಟ್ಟಿಕೊಳ್ಳುತ್ತಿದ್ದರು. ಒಮ್ಮೆ ಚಹಾ ಕುಡಿಯುವಾಗ ನಾನು, "ಈ ಸಣ್ಣ ಇಂಜಿನ್ನುಗಳು ಹುಟ್ಟಿದ ಜಪಾನಿನಲ್ಲೇ ಒಮ್ಮೆ ಓಡಿಸಬೇಕು" ಎಂದಿದ್ದೆ. ಎಲ್ಲರೂ ನಕ್ಕಿದ್ದರು. ಮಾಷ್ಟ್ರು ನಗಲಿಲ್ಲ. ಒಂದು ತಿಂಗಳಲ್ಲಿ ಶಿಕೋಕು ಎಂಬ ದ್ವೀಪದ ನಕ್ಷೆ ತಂದರು. ಬಾಡಿಗೆಯ ನೂರಹತ್ತು ಸಿಸಿ ಬೈಕು, ತಂಗುವ ಮನೆಗಳು, ದಿನಕ್ಕೆ ಎಷ್ಟು ದೂರ ಎಂಬುದನ್ನೆಲ್ಲ ಬರೆದುಕೊಂಡಿದ್ದರು. ನಾಲ್ಕು ಜಪಾನಿ ಮಾತನ್ನೂ ಕಲಿತಿದ್ದರು.

ನನ್ನ ಆಸೆ ಅವರ ಟ್ರಿಪ್ ಆಗಿಹೋಯಿತು. "ಮಾಷ್ಟ್ರು ಎಂತ ಹೇಳ್ತಾರೆ ಕೇಳುವ" ಎನ್ನುತ್ತಿದ್ದ ಶರೀಫ್. ಊರಿನಿಂದ ನನ್ನ ಹೆಂಡತಿ ಕೂಡ ಫೋನಿನಲ್ಲಿ, "ಆ ಮಾಷ್ಟ್ರು ಜೊತೆಗೆ ಇದ್ದಾರಲ್ಲ, ಹಾಗಾದ್ರೆ ನಂಗೆ ಹೆದರಿಕೆ ಇಲ್ಲ" ಎಂದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಗುಂಪಿನಲ್ಲಿ ಓಡಿಸುವ ಒಂದು ಕ್ರಮವನ್ನು ಅವರೇ ಕಲಿಸಿದರು. ಮುಂದಿನವನು ತಿರುವಿನಲ್ಲಿ ಬೆರಳು ತೋರಿಸಿದರೆ ಎರಡನೆಯವನು ಅಲ್ಲೇ ನಿಲ್ಲಬೇಕು. ತಿರುಗಬೇಕಾದ ಕಡೆಗೆ ಕೈ ಚಾಚಿ ಹಿಂದಿನವರಿಗೆ ದಾರಿ ತೋರಿಸಬೇಕು. ಸಾಲಿನ ಕೊನೆಯವನು ಬಂದ ಮೇಲೆಯೇ ಅಲ್ಲಿಂದ ಹೊರಡಬೇಕು.

"ಕೊನೆಯವನು ಬರುವ ತನಕ ತಿರುವಿನವನು ಕದಲಬಾರ್ದು," ಎಂದರು ಮಾಷ್ಟ್ರು. "ಅವನು ಕದಲಿದ್ರೆ ಹಿಂದಿನವನು ಹೋದ ಹಾಗೆ."

ಕೊನೆಯವನಾಗಿ ಅವರು ಆರಿಸಿದ್ದು ನನ್ನನ್ನು. "ವಿಠಲಣ್ಣ ಹಿಂದೆ ಇದ್ರೆ ಧೈರ್ಯ" ಎಂದರು. ನನ್ನ ಬೈಕಿನ ಹಿಂದೆ ಊಟದ ಡಬ್ಬ ಇಡುವ ದೊಡ್ಡ ಪೆಟ್ಟಿಗೆ ಹಾಗೆಯೇ ಇತ್ತು. ಎಲ್ಲರ ನೀರು, ಎಲ್ಲರ ಫೋನು ಅದರಲ್ಲಿ. ನನಗೆ ಅದು ಸಾಮಾನು ಹೊರುವವನ ಕೆಲಸ ಅನಿಸಿತು.

ಸೆಪ್ಟೆಂಬರಿನ ಒಂದು ಶುಕ್ರವಾರ, ಝಕ್ರೀತ್ ಕಡೆಯ ಮರಳುಗಾಡಿನಲ್ಲಿ ಅಭ್ಯಾಸಕ್ಕೆ ಹೋದೆವು. ಬಸವರಾಜ ಮುಂದೆ, ಮಾಷ್ಟ್ರು ಎರಡನೆಯವರು, ಶರೀಫ್, ಕೊನೆಗೆ ನಾನು. ಟಾರು ಮುಗಿಯುವ ತಿರುವಿನಲ್ಲಿ ಮಾಷ್ಟ್ರು ಎಡಗೈ ಚಾಚಿ ನಿಂತದ್ದು ದೂರದಿಂದಲೇ ಕಂಡಿತು. ಗಂಟೆ ಒಂಬತ್ತು. ಬಿಸಿಲು ಆಗಲೇ ಕಣ್ಣಿಗೆ ಹೊಡೆಯುತ್ತಿತ್ತು.

ನಾನು ಅವರ ಹತ್ತಿರ ಹೋಗಲಿಲ್ಲ. ಬೇಲಿಯ ಪಕ್ಕದ ಹಾದಿ ಹಿಡಿದು, ಉಳಿದಿಬ್ಬರು ಕಾಯುತ್ತಿದ್ದ ಸಮುದ್ರದ ದಂಡೆಗೆ ನೇರವಾಗಿ ಹೋದೆ.

"ಮಾಷ್ಟ್ರು ಎಲ್ಲಿ?" ಎಂದ ಶರೀಫ್.

"ಆಫೀಸಿಂದ ಕಾಲ್ ಬಂತು. ಫೋನ್ ತಗೊಂಡು ವಾಪಸ್ ಹೋದ್ರು."

ಅರ್ಧ ಗಂಟೆ ನಿಲ್ಲಲಿ, ಆಮೇಲೆ ಹೋಗಿ ಕರೆತರೋಣ ಎಂದುಕೊಂಡಿದ್ದೆ. ಆದರೆ ಅಂದು ಇಬ್ಬರೂ ಹಿಂದಿನ ಹಾಗೆ ನನ್ನ ಮಾತು ಕೇಳುತ್ತ, ನಗುತ್ತ ಕೂತರು. ಬಸವರಾಜ, "ವಿಠಲಣ್ಣಾರ, ನೀವು ಹಿಂಗ ನಗಿಸಿ ಭಾಳ ದಿನಾ ಆಗಿತ್ತು ನೋಡ್ರಿ" ಎಂದ. ಆ ಮಾತಿನ ರುಚಿಗೆ ಇನ್ನೊಂದು ಗಂಟೆ ಹೋಯಿತು. ಮತ್ತೊಂದು... ನಾನು ನೆಪ ಹೇಳಿ ಆ ತಿರುವಿಗೆ ಹೋದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಬೈಕು ಮಾತ್ರ ನಿಂತಿತ್ತು.

ಕುರಿ ಫಾರ್ಮಿನ ಕೆಲಸಗಾರನೊಬ್ಬ ಅವರನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದಿದ್ದ. ಸುಮಾರು ನಾಲ್ಕು ಗಂಟೆ ಕಾಲ ನೀರಿಲ್ಲದೆ, ಫೋನಿಲ್ಲದೆ ನಿಂತಿದ್ದರು. ಹೋಗಿಬಿಡಬಹುದಿತ್ತು. ಆದರೆ ಕೊನೆಯವನು ಬಂದಿರಲಿಲ್ಲವಲ್ಲ.

ಮೂರನೆಯ ದಿನ ಆಸ್ಪತ್ರೆಯಲ್ಲಿ, ನನ್ನೆದುರೇ ಶರೀಫ್ ಕೇಳಿದ: "ಎಂತ ಮಾರಾಯ್ರೆ, ನೀವು ವಾಪಸ್ ಹೊರಟದ್ದಲ್ವಾ? ಅಲ್ಲಿ ಹೇಗೆ ಬಾಕಿಯಾದ್ದು?"

ಮಾಷ್ಟ್ರು ನನ್ನ ಮುಖವನ್ನೇ ನೋಡಿದರು. ಅವರ ಫೋನು ನನ್ನ ಜೇಬಿನಲ್ಲೇ ಇತ್ತು.

"ಹೌದು," ಎಂದರು. "ಹೊರಟಿದ್ದೆ. ದಾರಿ ತಪ್ಪಿತು."

ಅವರ ಕಿಡ್ನಿ ಕೆಟ್ಟಿತು. ಕೆಲಸ ಬಿಟ್ಟು ಊರಿಗೆ ಹೋದರು. ಹೋಗುವಾಗ ಜಪಾನಿನ ಕಾಗದಗಳನ್ನೆಲ್ಲ ಜೋಡಿಸಿ ನನ್ನ ಕೈಗೆ ಕೊಟ್ಟರು.

ನವೆಂಬರಿನಲ್ಲಿ ನಾವು ಮೂವರು ಶಿಕೋಕುವಿನಲ್ಲಿದ್ದೆವು. ಮುಂದೆ ನಾನು. ನಕ್ಷೆಯಲ್ಲಿ ಊರುಗಳ ಹೆಸರಿನ ಪಕ್ಕದಲ್ಲೆಲ್ಲ ಅವರ ಕೈಬರಹ... 'ಇಲ್ಲಿ ಪೆಟ್ರೋಲ್ ಹಾಕಿಸಿ', 'ವಿಠಲಣ್ಣನಿಗೆ ಇಲ್ಲಿ ಚಹಾ'. ಅದನ್ನು ಓದಿದಾಗಲೂ ನನಗೆ ಬಂದದ್ದು ಸಿಟ್ಟೇ.

ನಾಲ್ಕನೆಯ ದಿನ ಬೆಟ್ಟದ ದಾರಿ. ಅಲ್ಲಿ ಐದು ಗಂಟೆಗೇ ಕತ್ತಲು. ಎತ್ತರದ ಮರಗಳು, ಸಣ್ಣ ಮಳೆ, ಒದ್ದೆ ಎಲೆಗಳ ವಾಸನೆ. ಶರೀಫ್ ರೇನ್‌ಕೋಟ್ ಹಾಕಲು ನಿಂತ, ಬಸವರಾಜ ಅವನ ಜೊತೆ ನಿಂತ. ಮುಂದಿನವನಾದ ನಾನು ಕಾಯಬೇಕಿತ್ತು. ತಂಗುವ ಮನೆಗೆ ಮೊದಲು ನಾನು ತಲುಪಬೇಕೆಂದು ಹೊರಟುಬಿಟ್ಟೆ.

ಮೊದಲ ತಿರುವು. ನನ್ನ ಬೈಕಿನ ಬೆಳಕಿನಲ್ಲಿ ಒಬ್ಬ ಮನುಷ್ಯ, ಪಕ್ಕದಲ್ಲಿ ಒಂದು ಸಣ್ಣ ಬೈಕು. ಎಡಗೈ ಚಾಚಿ ನಿಂತಿದ್ದ. ರಸ್ತೆ ಕೆಲಸದವನಿರಬೇಕು ಎಂದುಕೊಂಡೆ. ದಾರಿಯೂ ಎಡಕ್ಕೇ ಇತ್ತು.

ಸೇತುವೆ ದಾಟಿದ ಮೇಲೆ ಎರಡನೆಯ ತಿರುವು. ಮತ್ತೆ ಅದೇ ಮನುಷ್ಯ, ಅದೇ ಎಡಗೈ... ನನ್ನನ್ನು ದಾಟಿ ಯಾವ ಬೈಕೂ ಮುಂದೆ ಹೋಗಿರಲಿಲ್ಲ. ಪಕ್ಕದಲ್ಲಿ ಹಾದಾಗ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಆ ಚಳಿಯಲ್ಲಿ, ಆ ಮಳೆಯಲ್ಲಿ... ಕಾದ ಮರಳಿನ ವಾಸನೆ. ಕುತ್ತಿಗೆಯಲ್ಲಿ ನೀಲಿ ಚೌಕುಳಿ ಟವೆಲ್.

ನಾನು ನಿಲ್ಲದೆ ಆಕ್ಸಿಲರೇಟರ್ ತಿರುಗಿಸಿದೆ.

ಮೂರನೆಯದು ತಿರುವಲ್ಲ, ಕವಲು. ಅಲ್ಲಿಯೂ ಅವರು ಎಡಕ್ಕೆ ಕೈ ತೋರಿಸುತ್ತಿದ್ದರು. ನನ್ನ ಫೋನಿನ ನಕ್ಷೆ ಬಲಕ್ಕೆ ತೋರಿಸುತ್ತಿತ್ತು. ಹೆದರಿ ಬಲಕ್ಕೆ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಇಲ್ಲಿಯೂ ಇವನೇ ದಾರಿ ತೋರಿಸಬೇಕೇ ಎಂಬ ಹೊಟ್ಟೆಕಿಚ್ಚಿನಲ್ಲಿ ಬಲಕ್ಕೆ ತಿರುಗಿಸಿದೆ.

ಎರಡು ಕಿಲೋಮೀಟರ್ ಹೋದ ಮೇಲೆ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಬೈಕು ತಿರುಗಿಸುವ ಮೊದಲೇ ಇಂಜಿನ್ ನಿಂತಿತು. ಮೂವತ್ತು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದವನು ನಾನು, ಮತ್ತೆ ಸ್ಟಾರ್ಟ್ ಮಾಡಲಾಗಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಯಾರಾದರೂ ಬರುತ್ತಾರೆ ಎಂದು ರಸ್ತೆಯಲ್ಲೇ ನಿಂತೆ. ಒಂದು ಗಂಟೆ. ಎಲ್ಲೋ ಕೆಳಗೆ ನೀರು ಹರಿಯುವ ಸದ್ದು, ಅಷ್ಟೇ.

ಆಮೇಲೆ ಹಿಂದಿನಿಂದ ಒಂದು ಸಣ್ಣ ಬೈಕಿನ ಸದ್ದು... ನಿಧಾನಕ್ಕೆ... ಬೈಕಿನ ಕನ್ನಡಿಯಲ್ಲಿ ಒಂದೇ ದೀಪ. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತು. ಹತ್ತಿರ ಬರಲಿಲ್ಲ. ಇಂಜಿನ್ ಮಾತ್ರ ಓಡುತ್ತಿತ್ತು. ಮತ್ತೆ ಆ ಬಿಸಿ ಮರಳಿನ ವಾಸನೆ.

ನಾನು ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಒಂದೇ ಮಾತು. ನನ್ನ ಬಾಯಿಂದ ಬಂದದ್ದು ಬೇರೆ.

"ನಿಮ್ಮನ್ನು ಯಾರು ಕರೆದದ್ದು ಇಲ್ಲಿಗೆ? ಇದು ನನ್ನ ಟ್ರಿಪ್."

ದೀಪ ಆರಿತು. ಬೈಕು ಹಿಂದಿರುಗಿದ ಸದ್ದು ಕೇಳಲಿಲ್ಲ.

ಇನ್ನೂ ಒಂದು ಗಂಟೆಯ ಮೇಲೆ ತಂಗುವ ಮನೆಯ ಯಜಮಾನನ ವ್ಯಾನಿನಲ್ಲಿ ಇಬ್ಬರೂ ಹುಡುಕಿಕೊಂಡು ಬಂದರು.

"ಏನ್ರೀ ವಿಠಲಣ್ಣಾರ," ಎಂದ ಬಸವರಾಜ, "ನಮಗ ಎಡಕ್ಕ ಕೈ ತೋರಿಸಿ ನೀವ್ಯಾಕ ಬಲಕ್ಕ ಬಂದ್ರಿ?"

"ನಾನಾ?"

"ಮತ್ಯಾರು? ಕವಲಿನಾಗ ನಿಂತಿದ್ರಲ್ರೀ."

"ಕುತ್ತಿಗೆಗೆ ಟವೆಲ್ ಬೇರೆ ಕಟ್ಟಿಕೊಂಡಿದ್ರಿ," ಎಂದ ಶರೀಫ್. "ಚಳಿಗೆ ಅಂತ ಗ್ರಹಿಸಿದೆ ನಾನು."

ನನ್ನ ಹತ್ತಿರ ಟವೆಲ್ ಇರಲಿಲ್ಲ. ಬೈಕು ಹಿಡಿಯಲು ಹೋಗಿ ಸೀಟಿನ ಮೇಲೆ ಕೈ ಇಟ್ಟೆ. ಎರಡು ಗಂಟೆ ಮಳೆಯಲ್ಲಿ ನಿಂತ ಬೈಕು. ಸೀಟು ಸುಡುತ್ತಿತ್ತು... ಜುಲೈ ತಿಂಗಳ ಮಧ್ಯಾಹ್ನ ದೋಹಾದಲ್ಲಿ ಬಯಲಿನಲ್ಲಿ ನಿಲ್ಲಿಸಿದ ಬೈಕಿನ ಹಾಗೆ. ಶರೀಫನ ಕೈ ಹಿಡಿದು ಮುಟ್ಟಿಸಿದೆ. ಅವನು ಕೈ ಎಳೆದುಕೊಂಡು ನನ್ನ ಮುಖ ನೋಡಿದ. ಇಂದಿಗೂ ಅದರ ಬಗ್ಗೆ ಮಾತಾಡುವುದಿಲ್ಲ.

ರಾತ್ರಿ ಮಾಷ್ಟ್ರಿಗೆ ಫೋನು ಮಾಡಿದೆ. ಬದುಕಿದ್ದಾರೋ ಇಲ್ಲವೋ ಎಂಬುದೇ ನನ್ನ ಭಯ. ಅವರೇ ಎತ್ತಿದರು. ಊರಿನಲ್ಲಿ ಆಗ ಇನ್ನೂ ಸಂಜೆ. ಮಧ್ಯಾಹ್ನದ ಹೊತ್ತು ಜ್ವರ ಬಂದು ಮಲಗಿದ್ದರಂತೆ, ಈಗಷ್ಟೇ ಎಚ್ಚರ. ದನಿ ಬಳಲಿತ್ತು.

"ಎಲ್ಲ ತಲುಪಿದ್ರಾ ವಿಠಲಣ್ಣ? ಕೊನೆಯವನು ಬಂದನಾ?"

"ಬಂದ."

"ಹಾಗಾದ್ರೆ ನಾನಿನ್ನು ಹೊರಡಬಹುದು," ಎಂದು ನಕ್ಕರು.

ಆಗಲೇ ಹೇಳಬಹುದಿತ್ತು. ದೋಹಾಕ್ಕೆ ಮರಳಿ ನಿಧಾನಕ್ಕೆ ಮಾತಾಡೋಣ ಎಂದು ಫೋನು ಇಟ್ಟುಬಿಟ್ಟೆ. ಅದಾದ ಒಂಬತ್ತನೆಯ ದಿನ ಅವರು ತೀರಿಕೊಂಡರು.

ಈಗಲೂ ಶುಕ್ರವಾರ ಹೋಗುತ್ತೇವೆ. ಕೊನೆಯ ಬೈಕು ನನ್ನದೇ. ನಾನೇ ಕೇಳಿಕೊಂಡೆ. ಎಲ್ಲರ ನೀರು, ಎಲ್ಲರ ಫೋನು ಪೆಟ್ಟಿಗೆಯಲ್ಲಿ. ಝಕ್ರೀತಿನ ಆ ತಿರುವು ಬಂದಾಗ ಕನ್ನಡಿಯಲ್ಲಿ ಒಂದು ದೀಪ ಕಾಣುತ್ತದೆ. ಕೊನೆಯವನು ನಾನು, ನನ್ನ ಹಿಂದೆ ಯಾರೂ ಇರಬಾರದು. ನಾನು ನಿಂತರೆ ಅದೂ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಲ್ಲುತ್ತದೆ. ಪ್ರತಿಸಲವೂ ಬಾಯಿ ತೆರೆಯುತ್ತೇನೆ. ಮುಂದಿನಿಂದ ಶರೀಫ್ ಹಾರ್ನ್ ಹೊಡೆಯುತ್ತಾನೆ, "ಯಲ್ಲಾ, ಬನ್ನಿ ಮಾರಾಯ್ರೆ" ಎಂದು ಕರೆಯುತ್ತಾನೆ, ಮಾತು ಅಲ್ಲೇ ಉಳಿಯುತ್ತದೆ.

ಮೂರು ವರ್ಷದಿಂದ ನಾನು ಅವರನ್ನು ಮಾಷ್ಟ್ರು ಎಂದೇ ಹೇಳುತ್ತ ಬಂದೆ. ಹೆಸರು ಹೇಳಲು ಭಯವಿತ್ತು. ಹೇಳಿದರೆ ಆ ದೀಪ ಹತ್ತಿರ ಬರಬಹುದು. ಬರಲಿ.

ಅವರ ಹೆಸರು ಸದಾನಂದ ಕರ್ಕೇರ.