ಮಾಸ್ತರರ ಸುಣ್ಣದ ಡಬ್ಬಿ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಸುಣ್ಣ, ತಂಬಾಕಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಈಗ ಎರಡೂ ಇಲ್ಲ. ಹಳೆಯದೊಂದು ಪೆನ್‌ಡ್ರೈವ್ ಇದೆ, ಅಷ್ಟೇ. ಬೆಳಗ್ಗೆಯಿಂದ ನಾಲ್ಕು ಸಲ ಅದನ್ನು ತೆಗೆದೆ, ನಾಲ್ಕು ಸಲ ಒಳಗಿಟ್ಟೆ. ನಮ್ಮ ಸಭಾಗೃಹದ ಸ್ಪೀಕರ್‌ಗಳನ್ನೆಲ್ಲ ಹದದಲ್ಲಿಡುವ ಪ್ರೊಸೆಸರ್ ಕೆಟ್ಟು ಹೊಸದು ಬಂದಿದೆ. ಪೆನ್‌ಡ್ರೈವಿನಲ್ಲಿರುವ ಹಳೆಯ ಫೈಲನ್ನು ಹೊಸ ಸಾಫ್ಟ್‌ವೇರ್ ತೆರೆಯುವುದಿಲ್ಲವಂತೆ. ಯಾವ ಸ್ಪೀಕರ್ ಎಷ್ಟು ಜೋರು, ಯಾವ ದನಿ ಎಷ್ಟು ಕಡಿಮೆ, ಎಲ್ಲವನ್ನೂ ಹಳೆಯ ಲ್ಯಾಪ್‌ಟಾಪಿನಲ್ಲಿ ನೋಡಿ ನೋಡಿ ಕೈಯಿಂದಲೇ ತುಂಬಬೇಕು. ತುಂಬುತ್ತ ಬಂದವಳು ಕೊನೆಯ ಸಾಲಿನ ಸ್ಪೀಕರ್ ಹತ್ತಿರ ನಿಂತುಬಿಟ್ಟೆ...

ಡಬ್ಬಿ ಮಾಸ್ತರರದು. ಮಾರ್ಕೆಟ್ ಯಾರ್ಡ್ ಹತ್ತಿರದ ಈ ಸಭಾಗೃಹದಲ್ಲಿ ಅವರು ಸೌಂಡ್ ನೋಡಿಕೊಳ್ಳುತ್ತಿದ್ದರು; ನಾನು ಅವರ ಕೈಕೆಳಗೆ ಸೇರಿದ್ದೆ. ಯಾವ ಶಾಲೆಯಲ್ಲೂ ಕಲಿಸಿದವರಲ್ಲ, ಆದರೂ ಎಲ್ಲರಿಗೂ ಮಾಸ್ತರರು. ಮೂಲ ಸಿಂದಗಿ ಕಡೆಯವರು, ದೌಂಡದಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ಊರಿಗೆಲ್ಲ ಮರಾಠಿ, ನನ್ನ ಜೊತೆ ಮಾತ್ರ ಕನ್ನಡ.

ಸೆಟ್ಟಿಂಗ್‌ಗಳಿಗೆ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿಟ್ಟಿದ್ದರು. ಒಂದು ಪ್ರತಿ ಯಂತ್ರದೊಳಗೆ, ಇನ್ನೊಂದು ಲ್ಯಾಪ್‌ಟಾಪಿನಲ್ಲಿ, ಮೂರನೆಯದು ಅಂಗಿ ಜೇಬಿನ ಈ ಡಬ್ಬಿಯಲ್ಲಿ. ನಾಟಕದವರು, ಆರ್ಕೆಸ್ಟ್ರಾದವರು ಗೋಗರೆದರೂ ಬಿಚ್ಚುತ್ತಿರಲಿಲ್ಲ. ನನಗೂ ಪಾಸ್‌ವರ್ಡ್ ಹೇಳಿರಲಿಲ್ಲ. ನನಗೋ ಮೊದಲೇ ತಾಳ್ಮೆ ಕಡಿಮೆ, ಮೈಯೆಲ್ಲ ಉರಿಯುತ್ತಿತ್ತು. ನೌಕರಿ ಉಳಿಸಿಕೊಳ್ಳಲು ಮುದುಕ ಕೀಲಿ ಹಾಕಿಕೊಂಡು ಕೂತಿದ್ದಾನೆ ಎಂದು ಮನೆಯಲ್ಲಿ ಬೈದುಕೊಳ್ಳುತ್ತಿದ್ದೆ. ಒಮ್ಮೆ ಅವರನ್ನೇ ಕೇಳಿಬಿಟ್ಟೆ.

“ಯಾರರೆ ಬಂದು ಒಂದ್ ಗುಂಡಿ ಒತ್ತಿದ್ರ, ವರ್ಷಾನಗಟ್ಟಲೆ ಮಾಡಿದ್ದು ಹೋತು. ಹಂಗ ಆಗಬಾರ್ದಲ್ಲ ತಂಗಿ,” ಎಂದರು, ಅಷ್ಟೇ.

ಬಾಲ್ಕನಿಯ ಕೆಳಗಿನ ಕೊನೆಯ ಸಾಲಿನ ಮೇಲೆ ಅವರಿಗೆ ಭಾರಿ ಕಾಳಜಿ. ರವಿವಾರದ ಪ್ರವಚನಕ್ಕೆ ಬರುವ ವಯಸ್ಸಾದವರು ಅಲ್ಲೇ ಕೂರುತ್ತಾರೆ, ಬಾಗಿಲೂ ಬಚ್ಚಲೂ ಹತ್ತಿರ ಎಂದು. ಸದ್ದು ಅಳೆಯುವ ಮೈಕ್ ಇತ್ತು, ಅದನ್ನೂ ಇಡುತ್ತಿದ್ದರು. ಆಮೇಲೆ ನನ್ನನ್ನು ಅಲ್ಲಿ ಕೂರಿಸಿ, ತಾವು ವೇದಿಕೆಯ ಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಮೈಕಿನಲ್ಲಿ ಶುರು ಮಾಡುವರು: “ಸಾಸಿವಿ... ಶೇಂಗಾ... ಶ್ಯಾವಿಗಿ... ಸಜ್ಜಿ...” ಸ, ಶ ಎಂಬ ತೆಳು ದನಿಗಳ ಸಮೇತ ಪ್ರತಿ ಮಾತೂ ಬಿಡಿಬಿಡಿಯಾಗಿ ಕೇಳಿಸಬೇಕು. ನನಗೆ ನಗು, ಆಮೇಲೆ ಹಸಿವೆ, ಆಮೇಲೆ ಸಿಟ್ಟು.

ಒಂದು ದಿನ ಆ ಸಾಲಿನ ಸ್ಪೀಕರ್ ಸಿಳ್ಳೆ ಹಾಕತೊಡಗಿತು. ಸಿಳ್ಳೆ ಬರುತ್ತಿದೆ ಎಂದು ನಾನು ಕೈ ಎತ್ತಿದಾಗಲೆಲ್ಲ ಮಾಸ್ತರರು ತೆಳು ದನಿಯನ್ನು ಇಳಿಸುತ್ತ ಹೋದರು. ಅವತ್ತು ಕೊಂಢವಾದಲ್ಲಿ ನನಗೆ ಬೇರೊಂದು ಕೆಲಸದ ಸಂದರ್ಶನವಿತ್ತು, ಕಣ್ಣೆಲ್ಲ ಗಡಿಯಾರದ ಮೇಲೆ. ಕೊನೆಗೆ ಸಿಳ್ಳೆ ನಿಂತಿತು. ಆದರೆ ಶೇಂಗಾ, ಸಾಸಿವೆ ಎಲ್ಲ ಕೌದಿ ಹೊದ್ದು ಅದರೊಳಗಿಂದ ಮಾತಾಡಿದಂತೆ ಮಂಕಾಗಿದ್ದವು.

“ಕೇಳಸ್ತದೇನು ತಂಗಿ?”

“ಹೌದ್ರಿ.”

“ಖರೇ?”

“ಖರೇನ್ರಿ ಮಾಸ್ತರ್ರ, ಭಾಳ ಛಲೋ ಕೇಳಸ್ತದ.”

ಅವರು ಲಾಕ್ ಮಾಡಿದರು, ಮೂರು ಕಡೆ ಉಳಿಸಿದರು. ನಾನು ಬಸ್ಸಿಗೆ ಓಡಿದೆ. ಆ ಕೆಲಸ ನನಗೆ ಸಿಗಲಿಲ್ಲ.

ಮಾಸ್ತರರು ನಿವೃತ್ತರಾದ ದಿನ ಈ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. ಪಾಸ್‌ವರ್ಡ್ ಬರೆದ ಚೀಟಿಯೂ ಒಳಗಿತ್ತು. “ಐದಾರು ವರ್ಷಾತು, ನನಗ ತೆಳು ದನಿ ಕೇಳಸೂದಿಲ್ಲ. ಯಾರ ಮುಂದೂ ಹೇಳಿಲ್ಲ. ಹಿಂದಿನ ಸಾಲಿಂದು ಎಲ್ಲಾ ನಿನ್ನ ಕಿವಿ ತಂಗಿ. ಅದಕ್ಕ ಅಷ್ಟು ಜ್ವಾಪಾನ ಮಾಡೀನಿ,” ಎಂದರು.

ಆಗಲೇ ಹೇಳಬಹುದಿತ್ತು. ನಾಚಿಕೆಯಿಂದ ಸತ್ತುಹೋದಂತಾಯಿತು... ನಾಳೆ ಹೇಳೋಣ ಅಂದುಕೊಂಡೆ. ದೌಂಡದಿಂದ ಆಗಾಗ ಫೋನ್ ಬರುತ್ತಿತ್ತು. ಆರೋಗ್ಯ, ಮಳೆ, ರೈಲು ಎಲ್ಲ ಮುಗಿದ ಮೇಲೆ ಅದೇ ಪ್ರಶ್ನೆ: “ಹಿಂದಿನ ಸಾಲು ಯಾರೂ ಮುಟ್ಟಿಲ್ಲಲ್ಲ?” “ಇಲ್ರಿ,” ಅನ್ನುತ್ತಿದ್ದೆ. ಅದಂತೂ ನಿಜ. ತಿದ್ದಬೇಕೆಂದು ಎಷ್ಟೋ ಸಲ ಲಾಕ್ ತೆಗೆದಿದ್ದೇನೆ. ತಿದ್ದಿದರೆ ಅವರಿಗೆ ಹೇಳಬೇಕು, ಹೇಳಿದರೆ ಸುಳ್ಳು ಒಪ್ಪಿಕೊಳ್ಳಬೇಕು. ಮತ್ತೆ ಮುಚ್ಚಿಡುತ್ತಿದ್ದೆ. ಹೋದ ದೀಪಾವಳಿಯ ಮುಂಚೆ ಅವರ ಮಗ ಫೋನ್ ಮಾಡಿದ, ಮಾಸ್ತರರು ಹೋದರು ಎಂದು.

ಇಲ್ಲಿ ಒಬ್ಬ ಅಜ್ಜಿ ಬರುತ್ತಾರೆ. ಪ್ರತಿ ರವಿವಾರ ಕೊನೆಯ ಸಾಲಿನಲ್ಲಿ ಕೂರುತ್ತಾರೆ, ಐದು ನಿಮಿಷಕ್ಕೆ ಎದ್ದು ಗೋಡೆ ಹಿಡಿದುಕೊಂಡು ಮುಂದಕ್ಕೆ ನಡೆಯುತ್ತಾರೆ. ತಮ್ಮ ಕಿವಿಯೇ ಮಂದವಾಗಿದೆ ಎಂದುಕೊಂಡಿದ್ದಾರೆ.

ಹಳೆಯ ಅಂಕಿಯನ್ನೇ ಹೊಸ ಯಂತ್ರಕ್ಕೆ ತುಂಬಿದರೆ ನನ್ನ ಸುಳ್ಳಿಗೆ ಇನ್ನಷ್ಟು ವರ್ಷ ಆಯುಷ್ಯ. ಬಿಟ್ಟರೆ ಮಾಸ್ತರರು ಕಾಪಾಡಿದ್ದನ್ನು ಅಳಿಸಿದಂತೆ. ಕೂತೆ, ಎದ್ದೆ, ಎರಡು ಚಹಾ ಕುಡಿದೆ. ಕಡೆಗೆ ಮೊಬೈಲಿನಲ್ಲಿ ನನ್ನ ದನಿಯಲ್ಲೇ ಸಾಸಿವಿ, ಶೇಂಗಾ, ಶ್ಯಾವಿಗಿ, ಸಜ್ಜಿ ಅಂತ ಹೇಳಿ ರೆಕಾರ್ಡ್ ಮಾಡಿಕೊಂಡೆ. ಅದನ್ನು ವೇದಿಕೆಯ ಮೈಕಿನ ಮುಂದೆ ಮತ್ತೆ ಮತ್ತೆ ಕೇಳುವಂತೆ ಹಚ್ಚಿಟ್ಟು, ಲ್ಯಾಪ್‌ಟಾಪ್ ಹಿಡಿದು ಕೊನೆಯ ಸಾಲಿಗೆ ಹೋದೆ. ತೆಳು ದನಿ ಏರಿಸಿದರೆ ಸಿಳ್ಳೆ, ಇಳಿಸಿದರೆ ಕೌದಿ. ಏಣಿ ಹತ್ತಿ, ಸದ್ದು ತಿರುಗಿ ಮೈಕಿಗೆ ಬೀಳದ ಹಾಗೆ ಸ್ಪೀಕರಿನ ಮುಖವನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿದೆ. ಮತ್ತೆ ಏರಿಸಿದೆ. ಊಟದ ಹೊತ್ತು ಯಾವಾಗ ಮೀರಿತೋ ತಿಳಿಯಲಿಲ್ಲ. ಸಿಳ್ಳೆ ಬರಲಿಲ್ಲ, ಶೇಂಗಾ ಶೇಂಗಾದ ಹಾಗೆಯೇ ಕೇಳಿಸಿತು.

ಲಾಕ್ ಮಾಡಿದೆ. ಪಾಸ್‌ವರ್ಡ್ ಹಳೆಯದೇ. ಮೂರು ಕಡೆ ಉಳಿಸಿ, ಪೆನ್‌ಡ್ರೈವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

“ಈಗ ಕೇಳಸ್ತದ್ರಿ ಮಾಸ್ತರ್ರ,” ಎಂದೆ, ಖಾಲಿ ಕುರ್ಚಿಗಳ ನಡುವಿನಿಂದ, ಸ್ವಲ್ಪ ಗಟ್ಟಿಯಾಗಿಯೇ. ಆ ಕಡೆಯಿಂದ “ಖರೇ?” ಎಂದು ಕೇಳುವವರು ಇರಲಿಲ್ಲ.