ಬಾಗಿಲಾಚೆಯ ಕುರ್ಚಿ

ಕೋವಿಡ್ ಮುಗಿದ ಮರುವರ್ಷ ಮೆಡಿಟರೇನಿಯನ್ ಸಮುದ್ರದ ಗೋಜೋ ದ್ವೀಪಕ್ಕೆ ಒಬ್ಬಳೇ ಹೋಗಿದ್ದೆ. ಅಲ್ಲಿ ಸಂಜೆಯಾದರೆ ಜನ ಬಾಗಿಲಾಚೆ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕೂರುತ್ತಾರೆ. ಎದುರು ಮನೆಯ ಅಜ್ಜಿ ನನಗೂ ಒಂದು ಕುರ್ಚಿ ತಂದು ಹಾಕಿದಳು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಅವರೆಯಂಥ ಕಾಯಿ ಬಿಡಿಸುತ್ತ ಕತ್ತಲಾಗುವವರೆಗೂ ಕೂತಿರುತ್ತಿದ್ದೆವು.

ಅಮೆರಿಕದಲ್ಲಿ ನಾನಿರುವ ಊರು ಕಮ್ಮಿಂಗ್‌ಗೆ ಮರಳಿದ ಮೇಲೆ ನಾನೂ ಮನೆ ಮುಂದಿನ ಡ್ರೈವ್‌ವೇ ತುದಿಯಲ್ಲಿ ಎರಡು ಕುರ್ಚಿ ಹಾಕಿ ಕೂತೆ. ಕಾರುಗಳು ಸೀದಾ ಗರಾಜಿನೊಳಗೆ ನುಗ್ಗಿದವು, ಹಿಂದೆಯೇ ಬಾಗಿಲು ಇಳಿದವು. ಸುಡುಗಾಡು ಬೀದಿ, ನಡೆದು ಹೋಗುವ ಒಂದು ನರಪಿಳ್ಳೆಯೂ ಇಲ್ಲ! ಕೊನೆಗೆ ಪಕ್ಕದ ಮನೆಯ ಮೈಸೂರಿನ ಹುಡುಗಿ ಕಾರು ನಿಲ್ಲಿಸಿದಳು. ನಾನು ಖಾಲಿ ಕುರ್ಚಿಯ ಧೂಳು ಕೊಡವಿದೆ.

ಅವಳು ಕಿಟಕಿ ಇಳಿಸಿ ಕೇಳಿದಳು: “ಅಯ್ಯೋ ಆಂಟಿ, ಕೀ ಒಳಗೇ ಬಿಟ್ಟು ಲಾಕ್ ಔಟ್ ಆಗ್ಬಿಟ್ರಾ? ಯಾರಿಗೆ ಕಾಲ್ ಮಾಡ್ಲಿ, ಹೇಳಿ.”